ಬ್ರಿಟಿಷ್ ವರ್ತಕರ ಟೋಕನ್ ಎಂದಿನವರೆಗೆ ಹಣವಾಗಿತ್ತು? ಬಿಲ್ಲೆಯನ್ನೇ ಓದಿ ಉತ್ತರ ಕಂಡುಕೊಳ್ಳುವ ಬಗೆ

ಬ್ರಿಟನ್ನಿನ ಅಂಗಡಿಕಾರರು, ಗಣಿ ಮಾಲೀಕರು ಮತ್ತು ಕಾರ್ಖಾನೆದಾರರು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿದ ಟೋಕನ್‌ಗಳು ಯಾವಾಗ ಅಮಾನ್ಯವಾದವು ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಇಸವಿಯ ಉತ್ತರ ಬರುತ್ತದೆ. ಒಬ್ಬರು 1672 ಎನ್ನುತ್ತಾರೆ, ಇನ್ನೊಬ್ಬರು 1797 ಎನ್ನುತ್ತಾರೆ, ಮತ್ತೊಬ್ಬರು 1817 ಎನ್ನುತ್ತಾರೆ. ಮೂರೂ ಇಸವಿಗಳ ಹಿಂದೆ ನಿಜವಾದ ಘಟನೆಗಳಿವೆ. ಆದರೆ ಅವುಗಳಲ್ಲಿ ಯಾವುದೂ ಎಲ್ಲ ಟೋಕನ್‌ಗಳಿಗೂ ಹೊಂದುವುದಿಲ್ಲ. ಖಾಸಗಿ ಟೋಕನ್‌ಗಳು ಆ ದೇಶದಲ್ಲಿ ಮೂರು ಬೇರೆ ಬೇರೆ ಕಾಲಗಳಲ್ಲಿ ಬಳಕೆಗೆ ಬಂದವು, ಮೂರು ಸಲವೂ ಬೇರೆ ಬೇರೆ ರೀತಿಯಲ್ಲಿ ಕೊನೆಗೊಂಡವು. ಹೀಗಾಗಿ ಕೈಯಲ್ಲಿರುವ ಬಿಲ್ಲೆ ಯಾವ ಕಾಲದ್ದು, ಯಾವ ಲೋಹದ್ದು, ಅದನ್ನು ಹೊರಡಿಸಿದವರು ಯಾರು ಎಂಬುದನ್ನು ತಿಳಿದುಕೊಂಡ ಮೇಲಷ್ಟೇ ಅದರ ಮಾನ್ಯತೆಯ ಕೊನೆಯ ದಿನವನ್ನು ಹೇಳಲು ಸಾಧ್ಯ. ಆ ದಾರಿಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಮೊದಲು ಪ್ರಶ್ನೆಯನ್ನು ಸರಿಪಡಿಸಿಕೊಳ್ಳಬೇಕು

"ಮಾನ್ಯ" ಎಂಬ ಒಂದೇ ಮಾತಿನಲ್ಲಿ ಎರಡು ವಿಷಯಗಳು ಸೇರಿಕೊಂಡಿವೆ. ರಾಜನ ನಾಣ್ಯವನ್ನು ಸಾಲ ತೀರಿಸಲು ಕೊಟ್ಟಾಗ ಸಾಲಗಾರನಿಗೆ ಕಾನೂನಿನ ಬೆಂಬಲವಿರುತ್ತಿತ್ತು. ವರ್ತಕನ ಟೋಕನ್ನಿಗೆ ಆ ಸ್ಥಾನ ಎಂದೂ ಸಿಗಲಿಲ್ಲ. ಅದನ್ನು ಬೇಡವೆಂದು ತಿರಸ್ಕರಿಸುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇತ್ತು. ಅದು ನಿಂತಿದ್ದುದು ಹೊರಡಿಸಿದವನ ಮಾತಿನ ಮೇಲೆ: ಇದನ್ನು ನನ್ನ ಅಂಗಡಿಗೆ ತಂದರೆ ಬದಲಿಗೆ ರಾಜನಾಣ್ಯವನ್ನೋ ಸರಕನ್ನೋ ಕೊಡುತ್ತೇನೆ ಎಂಬ ಭರವಸೆಯ ಮೇಲೆ. ಊರಿನವರು ಆ ಭರವಸೆಯನ್ನು ನಂಬಿದ್ದರಿಂದ ಬಿಲ್ಲೆ ಕೈಯಿಂದ ಕೈಗೆ ಹೋಯಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ಟೋಕನ್ನನ್ನು ಹಣದಂತೆ ಚಲಾಯಿಸುವುದು ಕಾನೂನಿಗೆ ವಿರುದ್ಧವಾದದ್ದು ಯಾವಾಗ? ಹೊರಡಿಸಿದವನು ಅದಕ್ಕೆ ಬದಲು ಹಣ ಕೊಡುವ ಹೊಣೆಯಿಂದ ಮುಕ್ತನಾದದ್ದು ಯಾವಾಗ? ಈ ಎರಡಕ್ಕೂ ಉತ್ತರ ಒಂದೇ ಅಲ್ಲ. ಇವುಗಳನ್ನು ಬೆರೆಸಿದ್ದರಿಂದಲೇ ಈ ವಿಷಯದಲ್ಲಿ ಬಹುಪಾಲು ತಪ್ಪುಗಳು ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಬ್ರಿಟಿಷ್ ಲೆಕ್ಕವೂ ನೆನಪಿನಲ್ಲಿರಲಿ. ನಾಲ್ಕು ಫಾರ್ದಿಂಗ್ ಒಂದು ಪೆನ್ನಿ, ಹನ್ನೆರಡು ಪೆನ್ನಿ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗ್ ಒಂದು ಪೌಂಡ್. ಅಂದರೆ ಒಂದು ಪೌಂಡಿಗೆ 240 ಪೆನ್ನಿ.

ಬಿಲ್ಲೆಯನ್ನು ಓದುವ ಕ್ರಮ

ಟೋಕನ್ನನ್ನು ಉಜ್ಜಬಾರದು, ತೊಳೆಯಬಾರದು, ಹೊಳಪು ಬರಿಸಲು ಯಾವುದೇ ದ್ರವದಲ್ಲಿ ಅದ್ದಬಾರದು. ಸವೆದ ಅಕ್ಷರಗಳ ಅಳಿದುಳಿದ ಗುರುತು ಆ ಕಂದುಬಣ್ಣದ ಪದರದಲ್ಲೇ ಉಳಿದಿರುತ್ತದೆ. ದೀಪವನ್ನು ಒಂದು ಪಕ್ಕದಲ್ಲಿ, ಮೇಜಿನ ಮಟ್ಟಕ್ಕೆ ಹತ್ತಿರವಾಗಿ ಇಟ್ಟು, ಬಿಲ್ಲೆಯನ್ನು ನಿಧಾನವಾಗಿ ತಿರುಗಿಸಿದರೆ ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳ ನೆರಳು ಮೂಡುತ್ತದೆ. ವ್ಯಾಸವನ್ನು ಮಿಲಿಮೀಟರುಗಳಲ್ಲಿ, ತೂಕವನ್ನು ಗ್ರಾಮುಗಳಲ್ಲಿ ಬರೆದಿಟ್ಟುಕೊಳ್ಳಿ. ಮುಮ್ಮುಖ ಮತ್ತು ಹಿಮ್ಮುಖದ ಬರಹವನ್ನು ಅದು ಇರುವ ಕಾಗುಣಿತದಲ್ಲೇ ನಕಲು ಮಾಡಿಕೊಳ್ಳಿ, ತಿದ್ದಬೇಡಿ. ಕೊನೆಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಲ್ಲೆಯನ್ನು ನಿಲ್ಲಿಸಿ ಅಂಚನ್ನು ಸುತ್ತಲೂ ಓದಿ. ಬಹಳ ಜನ ಅಂಚನ್ನು ನೋಡುವುದೇ ಇಲ್ಲ. ಆದರೆ ಹದಿನೆಂಟನೆಯ ಶತಮಾನದ ಅನೇಕ ಟೋಕನ್‌ಗಳಲ್ಲಿ ಹಣ ಎಲ್ಲಿ ಸಿಗುತ್ತದೆ ಎಂಬ ಮಾತು ಅಲ್ಲಿಯೇ ಇರುತ್ತದೆ, ಮತ್ತು ಮಾನ್ಯತೆಯ ಪ್ರಶ್ನೆಯಲ್ಲಿ ಅತ್ಯಂತ ಬೆಲೆಯುಳ್ಳ ಸಾಲು ಅದೇ.

ಬಿಲ್ಲೆ ಚಿಕ್ಕದಾಗಿ, ತೆಳ್ಳಗಿದ್ದರೆ: 1672

ಸುಮಾರು 15ರಿಂದ 20 ಮಿಲಿಮೀಟರ್ ಅಗಲದ, ತಾಮ್ರ ಅಥವಾ ಹಿತ್ತಾಳೆಯ ತೆಳು ಬಿಲ್ಲೆಯಲ್ಲಿ ಒಬ್ಬ ವರ್ತಕನ ಹೆಸರು, ಅವನ ಬೀದಿ ಅಥವಾ ಊರು, ನಡುವೆ ಸಕ್ಕರೆಯ ಅಚ್ಚು, ಮೇಣದ ಬತ್ತಿ ಅಥವಾ ವಸತಿಗೃಹದ ಫಲಕದ ಚಿತ್ರ ಕಂಡರೆ, ಅದು ಹದಿನೇಳನೆಯ ಶತಮಾನದ ಟೋಕನ್ ಆಗಿರುವ ಸಾಧ್ಯತೆ ಹೆಚ್ಚು. ಹೃದಯದ ಆಕಾರದವು, ಎಂಟು ಮೂಲೆಯವು, ಚೌಕವಾದವುಗಳೂ ಉಂಟು. ಹಿಮ್ಮುಖದಲ್ಲಿ ಅನೇಕ ಸಲ ತ್ರಿಕೋನವಾಗಿ ಜೋಡಿಸಿದ ಮೂರು ಅಕ್ಷರಗಳಿರುತ್ತವೆ: ಮೇಲಿನದು ಮನೆತನದ ಹೆಸರಿನ ಮೊದಲಕ್ಷರ, ಕೆಳಗಿನ ಎರಡು ಗಂಡ ಮತ್ತು ಹೆಂಡತಿಯ ಹೆಸರಿನ ಮೊದಲಕ್ಷರಗಳು. ಚಿಲ್ಲರೆಯ ಹೊಣೆಯನ್ನು ಇಡೀ ಮನೆ ಹೊತ್ತುಕೊಂಡದ್ದಕ್ಕೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಸ್ಪಷ್ಟವಾದ ದಾಖಲೆ ಬೇರೆಲ್ಲೂ ಸಿಗುವುದು ಕಷ್ಟ, ಮತ್ತು ಈ ಕಾಲದ ಬಿಲ್ಲೆಗಳ ಮೇಲೆ ನನಗಿರುವ ಪ್ರೀತಿಗೆ ಆ ಮೂರು ಅಕ್ಷರಗಳೇ ಕಾರಣ.

ಒಂದನೆಯ ಚಾರ್ಲ್ಸ್ ದೊರೆಯನ್ನು 1649ರಲ್ಲಿ ಮರಣದಂಡನೆಗೆ ಗುರಿಪಡಿಸಿದ ಸುಮಾರಿಗೆ ಈ ಟೋಕನ್‌ಗಳು ಹುಟ್ಟಿಕೊಂಡವು. ನಾಣ್ಯಗಳ ಮೇಲಿನ ರಾಜನ ಏಕಸ್ವಾಮ್ಯವನ್ನು ಕಾಯುವವರಿಲ್ಲದ, ಸಣ್ಣ ಚಿಲ್ಲರೆಯೂ ಇಲ್ಲದ ಹೊತ್ತಿನಲ್ಲಿ ವರ್ತಕರು ತಾವೇ ಫಾರ್ದಿಂಗ್, ಹಾಫ್‌ಪೆನ್ನಿ, ಪೆನ್ನಿ ಬೆಲೆಯ ಬಿಲ್ಲೆಗಳನ್ನು ಹೊರಡಿಸಿದರು. ಊರಾಡಳಿತಗಳೂ ಹಿಂದೆ ಬೀಳಲಿಲ್ಲ; 1652ರ ಬ್ರಿಸ್ಟಲ್ ಫಾರ್ದಿಂಗ್ ಇದಕ್ಕೆ ಪ್ರಸಿದ್ಧ ಉದಾಹರಣೆ. "ಅಗತ್ಯ ಚಿಲ್ಲರೆಗಾಗಿ" ಎಂಬರ್ಥದ ಬರಹ ಕೆಲವು ಬಿಲ್ಲೆಗಳ ಮೇಲಿದೆ. ಕಾನೂನು ಇಲ್ಲದ ಕಡೆ ಅಗತ್ಯವನ್ನೇ ಸಮರ್ಥನೆಯಾಗಿ ಮುಂದಿಟ್ಟ ರೀತಿ ಅದು.

ಇವುಗಳ ಕೊನೆ ಸ್ಪಷ್ಟವಾಗಿದೆ. ಎರಡನೆಯ ಚಾರ್ಲ್ಸ್ 1672ರಲ್ಲಿ ಬ್ರಿಟಾನಿಯಾ, ಅಂದರೆ ಬ್ರಿಟನ್ನನ್ನು ಸಂಕೇತಿಸುವ ಸ್ತ್ರೀಯ ಚಿತ್ರವಿರುವ ತಾಮ್ರದ ಹಾಫ್‌ಪೆನ್ನಿ ಮತ್ತು ಫಾರ್ದಿಂಗುಗಳನ್ನು ಹೊರತಂದು, ಆ ವರ್ಷದ ಆಗಸ್ಟ್ 16ರ ರಾಜಘೋಷಣೆಯ ಮೂಲಕ ಖಾಸಗಿ ಟೋಕನ್‌ಗಳನ್ನು ನಿಷೇಧಿಸಿದನು. ನಿಷೇಧದ ಮಾತಿನ ಜೊತೆಗೆ ಬದಲಿ ನಾಣ್ಯವನ್ನೂ ಕೊಟ್ಟದ್ದು ಈ ಘೋಷಣೆಯ ಬಲ. ಆದ್ದರಿಂದ ಇಂಗ್ಲೆಂಡಿನ ಹದಿನೇಳನೆಯ ಶತಮಾನದ ಟೋಕನ್ನಿಗೆ ಉತ್ತರವಾಗಿ 1672ರ ಆಗಸ್ಟ್ ಎಂದು ಬರೆಯಬಹುದು. ಐರ್ಲೆಂಡಿನ ಊರಿನ ಹೆಸರಿದ್ದರೆ ಮಾತ್ರ ಅವಸರ ಪಡಬೇಡಿ. ಅಲ್ಲಿ 1670ರ ದಶಕದ ಕೊನೆಯ ಇಸವಿಗಳಿರುವ ಟೋಕನ್‌ಗಳೂ ಸಿಗುತ್ತವೆ.

ದಪ್ಪ ತಾಮ್ರ, ಅಂಚಿನಲ್ಲಿ ಭರವಸೆ: 1787ರಿಂದ 1797

ಎರಡನೆಯ ಕಾಲ ಹೆಚ್ಚು ತೊಡಕಿನದು. ಲಂಡನ್ನಿನ ಟಂಕಸಾಲೆ 1775ರ ನಂತರ ತಾಮ್ರದ ನಾಣ್ಯ ಹಾಕುವುದನ್ನು ನಿಲ್ಲಿಸಿತು. ಪೇಟೆಯಲ್ಲಿ ಉಳಿದದ್ದು ಸವೆದ ನಾಣ್ಯ ಮತ್ತು ಹೇರಳವಾದ ಖೋಟಾ. ಇದೇ ಹೊತ್ತಿಗೆ ಕಾರ್ಖಾನೆಗಳು ಬೆಳೆದು, ವಾರಕ್ಕೊಮ್ಮೆ ನೂರಾರು ಕೂಲಿಗಳಿಗೆ ಸಣ್ಣ ಮೊತ್ತ ಹಂಚಬೇಕಾದ ಅಗತ್ಯ ಹುಟ್ಟಿತ್ತು. ವೇಲ್ಸ್‌ನ ಆಂಗ್ಲ್‌ಸಿ ದ್ವೀಪದಲ್ಲಿ ಥಾಮಸ್ ವಿಲಿಯಮ್ಸ್ ನಡೆಸುತ್ತಿದ್ದ ಪ್ಯಾರಿಸ್ (Parys, ಫ್ರಾನ್ಸಿನ ನಗರವಲ್ಲ) ಮೈನ್ ಕಂಪನಿಯ ಬಳಿ ತಾಮ್ರ ಧಾರಾಳವಾಗಿತ್ತು. 1787ರಲ್ಲಿ ಅದು ತನ್ನದೇ ಪೆನ್ನಿಯನ್ನು ಹೊರಡಿಸಿತು.

ಆ ಪೆನ್ನಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮುಮ್ಮುಖದಲ್ಲಿ ಬಟ್ಟೆಯ ಮುಸುಕು ಹೊದ್ದ, ಗಡ್ಡವಿರುವ ಡ್ರೂಯಿಡ್, ಅಂದರೆ ಪ್ರಾಚೀನ ಕೆಲ್ಟಿಕ್ ಪುರೋಹಿತನ ತಲೆ. ಸುತ್ತ ಓಕ್ ಎಲೆಗಳ ಹಾರ. ಆ ಕಡೆ ಒಂದು ಅಕ್ಷರವೂ ಇಲ್ಲ, ರಾಜನ ಹೆಸರಂತೂ ಇಲ್ಲವೇ ಇಲ್ಲ. ಹಿಮ್ಮುಖದ ನಡುವೆ ಕಂಪನಿಯ ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ, ಸುತ್ತಲೂ "ವಿ ಪ್ರಾಮಿಸ್ ಟು ಪೇ ದಿ ಬೇರರ್ ಒನ್ ಪೆನ್ನಿ" ಎಂದಿದೆ. ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆ ಎಂಬುದು ಅದರ ಅರ್ಥ. ಎಲ್ಲಿ ಕೊಡುತ್ತಾರೆ? ಅಂಚನ್ನು ತಿರುಗಿಸಿದರೆ ಉತ್ತರ ಸಿಗುತ್ತದೆ: "ಆನ್ ಡಿಮಾಂಡ್ ಇನ್ ಲಂಡನ್ ಲಿವರ್‌ಪೂಲ್ ಆರ್ ಆಂಗ್ಲ್‌ಸಿ." ಅಂದರೆ ಕೇಳಿದೊಡನೆ, ಮೂರು ಸ್ಥಳಗಳಲ್ಲಿ. ಒಂದು ಪೂರ್ತಿ ಹುಂಡಿಯ ಒಕ್ಕಣೆಯನ್ನು ಹಿಮ್ಮುಖ ಮತ್ತು ಅಂಚು ಸೇರಿ ಹೇಳಿಬಿಡುತ್ತವೆ. ಜೊತೆಗೆ ಬಿಲ್ಲೆಯಲ್ಲಿ ಸುಮಾರು ಒಂದು ಔನ್ಸ್ ಒಳ್ಳೆಯ ತಾಮ್ರವಿತ್ತು. ಭರವಸೆ ಸುಳ್ಳಾದರೂ ಲೋಹವಂತೂ ಕೈಯಲ್ಲಿ ಉಳಿಯುತ್ತಿತ್ತು.

ಅದೇ ವರ್ಷ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ ರಾಜನ ಮುಖವಿರುವ ಜಾಗದಲ್ಲಿ ತನ್ನ ಮುಖವನ್ನೇ ಹಾಕಿಸಿ ಟೋಕನ್ ಹೊರಡಿಸಿದನು; ಅವುಗಳ ಅಂಚಿನಲ್ಲಿ ಅವನ ಕಬ್ಬಿಣದ ಕುಲುಮೆಗಳಿದ್ದ ಬರ್ಶಮ್, ಬ್ರ್ಯಾಡ್ಲಿ, ವಿಲ್ಲಿ, ಸ್ನೆಡ್‌ಶಿಲ್ ಎಂಬ ಹೆಸರುಗಳಿವೆ. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಮೂಲೆ ಮೂಲೆಯ ವರ್ತಕರು ಇದೇ ದಾರಿ ಹಿಡಿದರು. ಆ ಊರಿನ ದಂತಕಥೆಯ ನಾಯಕಿ ಲೇಡಿ ಗೊಡೈವಾ ಕುದುರೆಯೇರಿರುವ ಚಿತ್ರವಿರುವ ಕವೆಂಟ್ರಿಯ ಹಾಫ್‌ಪೆನ್ನಿ ಈ ಗುಂಪಿನದೇ.

ಈಗ ಕೊನೆಯ ದಿನದ ಮಾತು. 1797ರಲ್ಲಿ ಮ್ಯಾಥ್ಯೂ ಬೋಲ್ಟನ್ ಬರ್ಮಿಂಗ್‌ಹ್ಯಾಮ್ ಬಳಿಯ ತನ್ನ ಸೋಹೊ ಟಂಕಸಾಲೆಯಲ್ಲಿ ಹಬೆಯಂತ್ರದಿಂದ ಸರ್ಕಾರಕ್ಕಾಗಿ ಒಂದು ಔನ್ಸಿನ ಪೆನ್ನಿಯನ್ನೂ ಎರಡು ಔನ್ಸಿನ ಎರಡು ಪೆನ್ನಿಯನ್ನೂ ಹಾಕಿಕೊಟ್ಟನು. ಅಗಲವಾದ ದಪ್ಪ ಅಂಚಿನಿಂದಾಗಿ ಜನ ಅವುಗಳನ್ನು ಗಾಡಿಚಕ್ರ ಎಂದು ಕರೆದರು. ರಾಜನಾಣ್ಯ ಸಿಕ್ಕ ಮೇಲೆ ಟೋಕನ್ ಬೇಡಿಕೆ ಇಳಿಯಿತು, ಹೊಸ ಟೋಕನ್ ಹೊರಡುವುದು ಬಹುಮಟ್ಟಿಗೆ ನಿಂತಿತು. ಆದರೆ ಗಮನಿಸಿ: 1672ರಂತೆ ಟೋಕನ್‌ಗಳನ್ನೇ ಗುರಿಯಾಗಿಸಿದ ನಿಷೇಧ ಈ ಸಲ ಇರಲಿಲ್ಲ. ಇವು ಬಳಕೆ ತಪ್ಪಿ ಮರೆಯಾದವು. ಮುಂದೆ ತಾಮ್ರದ ಬೆಲೆ ಏರಿದಾಗ ಭಾರವಾದ ಬಿಲ್ಲೆಗಳನ್ನು ಕರಗಿಸುವುದೂ ಲಾಭದಾಯಕವಾಯಿತು. ಹೀಗಾಗಿ "1797ರಲ್ಲಿ ಅಮಾನ್ಯವಾಯಿತು" ಎಂದು ಬರೆಯುವುದು ತಪ್ಪು. "1797ರ ನಂತರ ಬಳಕೆ ಕುಗ್ಗಿತು" ಎನ್ನುವುದು ಸರಿ. ಚಲಾಯಿಸುವುದನ್ನು ಕಾನೂನು ತಡೆದದ್ದು ಮುಂದೆ ಹೇಳುವ 1817ರ ಕಾಯ್ದೆಯಿಂದ.

ಈ ಕಾಲದ ಇನ್ನೊಂದು ತೊಡಕೆಂದರೆ, ಎಷ್ಟೋ ಬಿಲ್ಲೆಗಳು ಹಣವಾಗಿ ಹುಟ್ಟಲೇ ಇಲ್ಲ. 1790ರ ದಶಕದ ಮಧ್ಯಭಾಗದಲ್ಲಿ ಟೋಕನ್ ಸಂಗ್ರಹ ದೊಡ್ಡ ಹವ್ಯಾಸವಾಗಿ ಬೆಳೆದು, ಸಂಗ್ರಾಹಕರಿಗೆ ಮಾರುವುದಕ್ಕೆಂದೇ ಕಟ್ಟಡಗಳ ಚಿತ್ರದ ಬಿಲ್ಲೆಗಳನ್ನೂ, ಒಂದು ಟೋಕನ್ನಿನ ಮುಮ್ಮುಖಕ್ಕೆ ಮತ್ತೊಂದರ ಹಿಮ್ಮುಖವನ್ನು ಕೂಡಿಸಿದ ಮಿಶ್ರ ಬಿಲ್ಲೆಗಳನ್ನೂ ಅಚ್ಚು ಹಾಕಿದರು. ಥಾಮಸ್ ಸ್ಪೆನ್ಸನಂಥವರು ರಾಜಕೀಯ ವಿಚಾರ ಹರಡಲು ಟೋಕನ್ ಬಳಸಿದರು. ಮುಮ್ಮುಖದಲ್ಲಿ ಒಂದು ಊರು, ಅಂಚಿನಲ್ಲಿ ಇನ್ನೊಂದು ಊರು ಇದ್ದು, ಸವೆತದ ಗುರುತೇ ಇಲ್ಲದಿದ್ದರೆ, ಅದು ಯಾವ ದಿನ ಅಮಾನ್ಯವಾಯಿತೆಂದು ಹುಡುಕುವ ಮೊದಲು ಅದು ಎಂದಾದರೂ ಚಲಾವಣೆಯಲ್ಲಿತ್ತೇ ಎಂದು ಕೇಳಿಕೊಳ್ಳಬೇಕು. ದೊರೆಯದರಂತೆಯೇ ತೋರುವ ತಲೆಯ ಸುತ್ತ ದೊರೆಯದಲ್ಲದ ಹೆಸರಿರುವ ಹಗುರ ಹಾಫ್‌ಪೆನ್ನಿಗಳು ಮತ್ತೂ ಬೇರೆ ಜಾತಿ. ಅವು ಖೋಟಾ ಕಾನೂನಿನಿಂದ ನುಣುಚಿಕೊಳ್ಳಲು ಮಾಡಿದವು, ಅವುಗಳ ಹಿಂದೆ ಯಾವ ವರ್ತಕನ ಭರವಸೆಯೂ ಇಲ್ಲ.

1811ರ ನಂತರದ್ದಾದರೆ ಮೊದಲು ಲೋಹ ನೋಡಿ

ಫ್ರಾನ್ಸಿನ ವಿರುದ್ಧದ ದೀರ್ಘ ಯುದ್ಧದ ಕಾಲದಲ್ಲಿ ಬೆಳ್ಳಿಯ ಬೆಲೆ ಏರಿ, ಬೆಳ್ಳಿ ನಾಣ್ಯಗಳು ಪೇಟೆಯಿಂದ ಕಾಣೆಯಾದವು. ಬ್ಯಾಂಕ್ ಆಫ್ ಇಂಗ್ಲೆಂಡ್ 1811ರಿಂದ ಮೂರು ಶಿಲ್ಲಿಂಗ್ ಮತ್ತು ಒಂದೂವರೆ ಶಿಲ್ಲಿಂಗಿನ ಬ್ಯಾಂಕ್ ಟೋಕನ್‌ಗಳನ್ನು ಹೊರಡಿಸಿತು. ವರ್ತಕರು ಮತ್ತು ಸ್ಥಳೀಯ ಬ್ಯಾಂಕುಗಳು ತಮ್ಮದೇ ಬೆಳ್ಳಿ ಶಿಲ್ಲಿಂಗುಗಳನ್ನು, ಆರು ಪೆನ್ನಿಗಳನ್ನು, ಎರಡೂವರೆ ಶಿಲ್ಲಿಂಗುಗಳನ್ನು ಹೊರಡಿಸಿದವು. ರೆಡಿಂಗ್ ಊರಿನ ಜಾನ್ ಬರ್ಕ್ಲಿ ಮಾಂಕ್ 1812ರಲ್ಲಿ ನಲವತ್ತು ಶಿಲ್ಲಿಂಗಿನ ಚಿನ್ನದ ಟೋಕನ್ನನ್ನೇ ಹಾಕಿಸಿದನು.

ಚಿನ್ನ ಮತ್ತು ಬೆಳ್ಳಿಯ ಖಾಸಗಿ ಟೋಕನ್‌ಗಳನ್ನು ತಡೆಯಲು ಪಾರ್ಲಿಮೆಂಟು 1812ರಲ್ಲಿ ಕಾಯ್ದೆ ಮಾಡಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಐರ್ಲೆಂಡಿನ ಟೋಕನ್‌ಗಳಿಗೆ ಅದರಿಂದ ವಿನಾಯಿತಿ ಇತ್ತು. ಚಲಾವಣೆ ನಿಲ್ಲಬೇಕಾದ ದಿನವನ್ನು ಮೊದಲು 1813ರ ಮಾರ್ಚ್ 25 ಎಂದು ಗೊತ್ತುಪಡಿಸಲಾಗಿತ್ತು. ಆದರೆ ಬದಲಿಗೆ ಕೊಡಲು ಬೆಳ್ಳಿ ಚಿಲ್ಲರೆಯೇ ಇಲ್ಲದೆ ಟೋಕನ್ನನ್ನು ಕಿತ್ತುಕೊಂಡರೆ ವ್ಯಾಪಾರ ನಿಂತುಹೋಗುತ್ತದೆ ಎಂಬ ಕೂಗು ಎದ್ದು, ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಬೇಕಾಯಿತು. ಆದ್ದರಿಂದ ಖಾಸಗಿ ಬೆಳ್ಳಿ ಟೋಕನ್ನಿಗೆ ಮಾರ್ಚ್ 25 ಎಂಬ ಒಂದೇ ದಿನವನ್ನು ಬರೆದು ಮುಗಿಸಬಾರದು. 1812ರ ಕಾಯ್ದೆ ಮತ್ತು ಅದರ ಗಡುವಿನ ವಿಸ್ತರಣೆಗಳನ್ನು ಒಟ್ಟಿಗೆ ನಮೂದಿಸಬೇಕು. ಹೊಸ ಬೆಳ್ಳಿ ನಾಣ್ಯ ಜನರ ಕೈಗೆ ಬಂದದ್ದು 1817ರ ಫೆಬ್ರವರಿಯಲ್ಲಿ.

ತಾಮ್ರದ ಟೋಕನ್‌ಗಳು ಈ ನಡುವೆ ಚಲಿಸುತ್ತಲೇ ಇದ್ದವು. 1811ರಿಂದ ಬಂದ ಈ ತಾಮ್ರದ ಪೆನ್ನಿಗಳಲ್ಲಿ "ಒನ್ ಪೌಂಡ್ ನೋಟ್ ಫಾರ್ 240 ಟೋಕನ್ಸ್" ಎಂಬ ಬರಹ ಕೆಲವೆಡೆ ಸಿಗುತ್ತದೆ. ಒಂದೊಂದೇ ಬಿಲ್ಲೆ ತಂದವನಿಗೆ ಇದು ಏನನ್ನೂ ಕೊಡುವ ಮಾತಲ್ಲ. 240 ಕೂಡಿಸಿ ತಂದವನಿಗಷ್ಟೇ ಒಂದು ಕಾಗದದ ನೋಟು. 1787ರ ಡ್ರೂಯಿಡ್ ಪೆನ್ನಿಯ ಪಕ್ಕದಲ್ಲಿ ಇದನ್ನು ಇಟ್ಟು ಓದಿದರೆ ಭರವಸೆ ಎಷ್ಟು ಕಿರಿದಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಯುದ್ಧ ಮುಗಿದ ಮೇಲೆ ಇವು ಬೇಕಾದುದಕ್ಕಿಂತ ಹೆಚ್ಚಾದವು, ದೂರದ ಊರಿನ ಬಿಲ್ಲೆಯನ್ನು ಬದಲಾಯಿಸಿಕೊಳ್ಳಲಾಗದ ಬಡವನೇ ನಷ್ಟ ಹೊತ್ತನು.

ಪಾರ್ಲಿಮೆಂಟು 1817ರ ಮಧ್ಯಭಾಗದಲ್ಲಿ ಮಾಡಿದ ಕಾಯ್ದೆ ತಾಮ್ರ ಮತ್ತಿತರ ಲೋಹಗಳ ಟೋಕನ್ ತಯಾರಿಕೆಯನ್ನು ನಿಷೇಧಿಸಿ, 1818ರ ಜನವರಿ 1ರಿಂದ ಅವುಗಳನ್ನು ಹಣವಾಗಿ ಚಲಾಯಿಸುವುದನ್ನೂ ತಡೆಯಿತು. ಇಲ್ಲಿ ಎರಡು ದಿನಾಂಕಗಳನ್ನು ಕಲಸಬಾರದು: ಕಾಯ್ದೆಯ ವರ್ಷ 1817, ಚಲಾವಣೆ ನಿಂತ ದಿನ 1818ರ ಮೊದಲ ದಿನ. 1817ರ ಕ್ರಿಸ್‌ಮಸ್ ಹೊತ್ತಿಗೆ ಆ ಪೆನ್ನಿಯಿಂದ ರೊಟ್ಟಿ ಕೊಂಡವನು ತಪ್ಪು ಮಾಡಿರಲಿಲ್ಲ. ಒಂದು ವಾರದ ನಂತರ ಅದೇ ಕೆಲಸ ಮಾಡಿದವನು ದಂಡಕ್ಕೆ ಅರ್ಹನಾಗಿದ್ದನು.

ಇದಕ್ಕೆ ಎರಡು ಅಪವಾದಗಳಿವೆ, ಮತ್ತು ತಾಮ್ರದ ಪೆನ್ನಿ ಕೈಗೆ ಬಂದಾಗಲೆಲ್ಲ ಇವುಗಳನ್ನು ಪರೀಕ್ಷಿಸಲೇಬೇಕು. ಬರ್ಮಿಂಗ್‌ಹ್ಯಾಮಿನ ವರ್ಕ್‌ಹೌಸ್, ಅಂದರೆ ಬಡವರ ಆಶ್ರಯಗೃಹ ಹೊರಡಿಸಿದ ಟೋಕನ್‌ಗಳಿಗೆ 1820ರ ಮಾರ್ಚ್ 25ರವರೆಗೂ, ಶೆಫೀಲ್ಡಿನ ಬಡವರ ಮೇಲ್ವಿಚಾರಕರು ಹೊರಡಿಸಿದ ಟೋಕನ್‌ಗಳಿಗೆ 1823ರ ಮಾರ್ಚ್ 25ರವರೆಗೂ ಅವಕಾಶ ಉಳಿಯಿತು. ಈ ಎರಡು ಊರುಗಳಲ್ಲಿ ಟೋಕನ್ ಹೊರಡಿಸಿದ್ದು ಲಾಭಕೋರ ವರ್ತಕನಲ್ಲ. ಅವುಗಳನ್ನೆಲ್ಲ ಒಮ್ಮೆಲೇ ಹಿಂದಕ್ಕೆ ಪಡೆದು ಹಣ ಕೊಡಬೇಕಾಗಿದ್ದರೆ ಹೊರೆ ಬೀಳುತ್ತಿದ್ದುದು ಊರಿನ ತೆರಿಗೆದಾರರ ಮೇಲೆ. ಬಿಲ್ಲೆಯ ಮೇಲೆ "ವರ್ಕ್‌ಹೌಸ್" ಅಥವಾ "ಓವರ್‌ಸಿಯರ್ಸ್ ಆಫ್ ದಿ ಪೂವರ್" ಎಂಬ ಮಾತನ್ನು ಹುಡುಕಿ. ಕೇವಲ ಬರ್ಮಿಂಗ್‌ಹ್ಯಾಮ್ ಅಥವಾ ಶೆಫೀಲ್ಡ್ ಎಂಬ ಊರಿನ ಹೆಸರು ಸಾಲದು. ಆ ಊರುಗಳ ಖಾಸಗಿ ಕಾರ್ಖಾನೆಗಳ ಟೋಕನ್‌ಗಳೂ ಇವೆ, ಅವುಗಳಿಗೆ ಈ ರಿಯಾಯಿತಿ ಇರಲಿಲ್ಲ.

ನಿಷೇಧದ ನಂತರವೂ ಉಳಿದ ಹೊಣೆ

ಎರಡನೆಯ ಪ್ರಶ್ನೆಗೆ ಈಗ ಬರೋಣ. ಚಲಾಯಿಸಬಾರದು ಎಂದಮಾತ್ರಕ್ಕೆ ಹೊರಡಿಸಿದವನ ಸಾಲ ಮನ್ನಾ ಆಗಲಿಲ್ಲ. 1817ರ ಕಾಯ್ದೆಯು ಟೋಕನ್ನನ್ನು ಅದರ ಮೂಲ ಹೊರಡಿಸಿದವನ ಬಳಿಗೆ ಒಯ್ದು ಹಣ ಕೇಳುವ ದಾರಿಯನ್ನು ಮುಚ್ಚಲಿಲ್ಲ. ಅಂದರೆ ಅಂಗಡಿಯಲ್ಲಿ ಕೊಡುವಂತಿಲ್ಲ, ಆದರೆ ಮಾತು ಕೊಟ್ಟವನ ಬಾಗಿಲಿಗೆ ಒಯ್ಯಬಹುದು. ಆ ಬಾಗಿಲು ಇನ್ನೂ ತೆರೆದಿತ್ತೇ ಎಂಬುದು ಬೇರೆ ವಿಷಯ. ದಿವಾಳಿಯಾದವನ ಟೋಕನ್ನಿಗೆ ತಾಮ್ರದ ತೂಕವಷ್ಟೇ ಬೆಲೆ. ಹೀಗಾಗಿ ಕಾನೂನಿನ ದಿನಾಂಕ ಸಿಕ್ಕಿದ ಮೇಲೂ, ಸಾಧ್ಯವಾದರೆ, ಹೊರಡಿಸಿದ ಸಂಸ್ಥೆ ಎಂದು ಮುಚ್ಚಿತು ಎಂದು ಹುಡುಕಿ. ನಿಷೇಧಕ್ಕೆ ಮೊದಲೇ ಅದು ಮುಚ್ಚಿದ್ದರೆ, ಬಿಲ್ಲೆಯ ನಿಜವಾದ ಆಯುಷ್ಯ ಮುಗಿದದ್ದು ಅಂದೇ.

1818ರ ನಂತರದ ಬಿಲ್ಲೆಗಳು

ಇಷ್ಟೆಲ್ಲ ಆದ ಮೇಲೂ ಬ್ರಿಟನ್ನಿನಲ್ಲಿ ಹೆಸರು ಹೊತ್ತ ಬಿಲ್ಲೆಗಳು ನಿಲ್ಲಲಿಲ್ಲ. ಫಾರ್ದಿಂಗ್ ಗಾತ್ರದಲ್ಲಿ ಅಂಗಡಿಗಳ ಜಾಹೀರಾತು ಬಿಲ್ಲೆಗಳು ಬಂದವು. ಪಬ್‌ಗಳ, ತೋಟದ ಕೊಯ್ಲಿನ, ಸಹಕಾರಿ ಸಂಘಗಳ ಬಿಲ್ಲೆಗಳು ಬಂದವು. ಇವುಗಳಲ್ಲಿ ಹಣದ ಮಾತು ಇಲ್ಲದಿದ್ದರೆ ಅವು ರಸೀದಿ ಅಥವಾ ಪ್ರಚಾರವೆಂದು ತಿಳಿಯಿರಿ. ಅಮಾನ್ಯವಾದ ದಿನವನ್ನು ಅವುಗಳಿಗೆ ಹುಡುಕುವುದು ವ್ಯರ್ಥ. 1870ರ ನಾಣ್ಯ ಕಾಯ್ದೆಯ ಐದನೆಯ ಸೆಕ್ಷನ್ ಟಂಕಸಾಲೆಯ ಹೊರತು ಬೇರೆ ಯಾರೂ ಯಾವುದೇ ಲೋಹದ ತುಂಡನ್ನು ನಾಣ್ಯವಾಗಿ, ಹಣದ ಬದಲಿ ಟೋಕನ್ನಾಗಿ ಅಥವಾ ಅದರ ಮೇಲೆ ಸೂಚಿಸಿದ ಬೆಲೆಯನ್ನು ಕೇಳುವ ಹಕ್ಕಿನ ಗುರುತಾಗಿ ಹೊರಡಿಸಬಾರದೆಂದು ಹೇಳಿ, ಇಪ್ಪತ್ತು ಪೌಂಡಿನವರೆಗೆ ದಂಡ ವಿಧಿಸಿತು. ಡೆವನ್ ತೀರದಾಚೆಯ ಲಂಡಿ ದ್ವೀಪದ ಒಡೆಯ ಮಾರ್ಟಿನ್ ಕೋಲ್ಸ್ ಹಾರ್ಮನ್ ತನ್ನ ಮುಖವಿರುವ ಪಫಿನ್ ಮತ್ತು ಅರ್ಧ ಪಫಿನ್ ಎಂಬ ಬಿಲ್ಲೆಗಳನ್ನು 1929ರ ಇಸವಿ ಹಾಕಿ ಹೊರಡಿಸಿದಾಗ, ಇದೇ ಸೆಕ್ಷನ್ನಿನಡಿ 1930ರಲ್ಲಿ ಅವನಿಗೆ ಐದು ಪೌಂಡ್ ದಂಡ ಬಿತ್ತು, ಮೇಲ್ಮನವಿಯೂ ಫಲಿಸಲಿಲ್ಲ.

ಚೀಟಿ ಬರೆಯುವಾಗ

ಸಂಗ್ರಹದ ಪೆಟ್ಟಿಗೆಯಲ್ಲಿ ಪ್ರತಿ ಬಿಲ್ಲೆಯ ಜೊತೆ ಇಡುವ ಚೀಟಿಯಲ್ಲಿ "ಅಮಾನ್ಯ: 1817" ಎಂಬ ಒಂದು ಸಾಲಿಗೆ ತೃಪ್ತಿಪಡಬೇಡಿ. ಹೊರಡಿಸಿದವರ ಹೆಸರು, ಬಿಲ್ಲೆಯ ಮೇಲಿನ ಇಸವಿ, ಲೋಹ, ಭರವಸೆಯ ಮಾತು, ಚಲಾವಣೆ ನಿಷೇಧವಾದ ದಿನ, ಆ ದಿನಕ್ಕೆ ಆಧಾರವಾದ ಘೋಷಣೆ ಅಥವಾ ಕಾಯ್ದೆ, ಇಷ್ಟನ್ನೂ ಬರೆಯಿರಿ. ಬಿಲ್ಲೆಯ ಮೇಲೆ ಇಸವಿ ಇಲ್ಲದಿದ್ದರೆ ಊಹಿಸಿದ ಕಾಲವನ್ನು ಊಹೆಯೆಂದೇ ಗುರುತಿಸಿ, ಅದಕ್ಕೆ ಗಾತ್ರ ಕಾರಣವೋ ಲೋಹ ಕಾರಣವೋ ಬರಹದ ಶೈಲಿ ಕಾರಣವೋ ಎಂಬುದನ್ನು ಒಂದು ಮಾತಿನಲ್ಲಿ ಸೇರಿಸಿ. ಒಂದು ಮಾದರಿ ಹೀಗಿರಬಹುದು: "ಶೆಫೀಲ್ಡ್, ಬಡವರ ಮೇಲ್ವಿಚಾರಕರು. ತಾಮ್ರದ ಪೆನ್ನಿ, 1813. 1817ರ ಕಾಯ್ದೆಯಿಂದ ವಿನಾಯಿತಿ. 1823ರ ಮಾರ್ಚ್ 25ರವರೆಗೆ ಚಲಾವಣೆಗೆ ಅವಕಾಶ. ಎರಡೂ ಮುಖ ಬಹಳ ಸವೆದಿವೆ, ಚೆನ್ನಾಗಿ ಚಲಾವಣೆಯಾದದ್ದು."